ಹಲ್ಲು ಮತ್ತು ಸುಳಿ

ನಮ್ಮ ಕಡೆಯ ಜಾತ್ರೆಗಳ ದನದ ಸಂತೆಯಲ್ಲಿ ಎತ್ತು ಕೊಳ್ಳಬಂದ ರೈತನು ಮೊದಲು ಅದರ ದವಡೆಯನ್ನು ಹಿಡಿದು, ತುಟಿ ಸರಿಸಿ, ಹಲ್ಲನ್ನು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂಬುದರಿಂದ ಎತ್ತಿನ ವಯಸ್ಸು ತಿಳಿಯುತ್ತದೆ. ಆ ವಿದ್ಯೆಯಲ್ಲಿ ಪಳಗಿದವನು ತಪ್ಪುವುದು ಅಪರೂಪ. ಆಮೇಲೆ ಅದೇ ಮನುಷ್ಯನು ಎತ್ತಿನ ಹಣೆಯ ಮೇಲೂ ಬೆನ್ನಿನ ಮೇಲೂ ಕೈಯಾಡಿಸಿ ರೋಮದ ಸುಳಿಗಳನ್ನು ಹುಡುಕಿ, ಈ ಸುಳಿಯ ಎತ್ತು ಮನೆ ಹೊಕ್ಕರೆ ಕಣಜ ತುಂಬುವುದೆಂದೂ ಆ ಸುಳಿಯದು ಹೊಕ್ಕರೆ ಮನೆತನ ಮುರಿಯುವುದೆಂದೂ ನಿರ್ಣಯ ಹೇಳುತ್ತಾನೆ. ಹಲ್ಲನ್ನು ನೋಡಿ ಆಡಿದ ಮಾತು ಇರುವುದರ ವರ್ಣನೆ. ಸುಳಿಯನ್ನು ನೋಡಿ ಆಡಿದ ಮಾತು ಬರಲಿರುವುದರ ಕಥನ. ಎರಡನ್ನೂ ಆಡುವ ನಾಲಿಗೆ ಒಂದೇ, ಧ್ವನಿ ಒಂದೇ, ಧೈರ್ಯವೂ ಒಂದೇ ಆದುದರಿಂದ, ಮೊದಲನೆಯದು ಎಲ್ಲಿ ಮುಗಿದು ಎರಡನೆಯದು ಎಲ್ಲಿ ಮೊದಲಾಯಿತೆಂಬುದು ಪಕ್ಕದಲ್ಲಿ ನಿಂತವನಿಗೆ ಹೊಳೆಯುವುದಿಲ್ಲ.

ವರ್ಷವರ್ಷವೂ ಆಟಗಾರರ ಹರಾಜಿನ ಕಾಲ ಸಮೀಪಿಸಿದಂತೆ ಹೈದರಾಬಾದಿನ ಮನೆಮನೆಯ ದೂರದರ್ಶನದಲ್ಲಿ ನೆರೆಯುವ ಕ್ರೀಡಾಪಂಡಿತರ ಮಾತು ಕೇಳುವಾಗಲೆಲ್ಲ ನನಗೆ ಈ ಸಂತೆಯ ನೆನಪು ಬರುತ್ತದೆ. ಅವರು ಸುಳ್ಳು ಹೇಳುವವರಲ್ಲ. ಬಹುಮಂದಿ ತಾವೇ ದೇಶಕ್ಕಾಗಿ ಆಡಿ ಬಂದವರು. ಇಂಥ ಬೌಲರನ ಚೆಂಡು ಎಡಗೈ ಬ್ಯಾಟ್ಸ್‌ಮನ್ನನಿಂದ ಹೊರಕ್ಕೆ ಹೋಗುತ್ತದೆ, ಇಂಥವನು ಪುಟಿದೇಳುವ ಚೆಂಡಿಗೆ ಬಲಿಯಾಗುತ್ತಾನೆ, ಇಂಥವನ ಭುಜಕ್ಕೆ ಎರಡು ವರ್ಷದ ಹಿಂದೆ ಪೆಟ್ಟಾಗಿತ್ತು ಎಂದು ಅವರು ಹೇಳುವ ಮಾತುಗಳು ಹಲ್ಲಿನ ಮಾತುಗಳು, ನಂಬತಕ್ಕವು. ಆದರೆ ಅದೇ ಉಸಿರಿನಲ್ಲಿ, ಇವನನ್ನು ಕೊಂಡ ತಂಡವು ಈ ಸಲ ಕಪ್ಪನ್ನು ಎತ್ತುವುದು ಖಂಡಿತವೆಂದೂ, ಅವನಿಗೆ ಸುರಿದ ಹಣವೆಲ್ಲ ನೀರಿನಲ್ಲಿ ಮಾಡಿದ ಹೋಮವೆಂದೂ ಅವರು ತೀರ್ಪಿತ್ತಾಗ, ನಾವು ಸುಳಿಯ ಸೀಮೆಗೆ ಬಂದಿರುತ್ತೇವೆ.

ಆಟಗಾರರನ್ನು ಹಂಚಿಕೊಳ್ಳುವುದಕ್ಕೆ ಲೋಕದಲ್ಲಿ ಎರಡು ಪದ್ಧತಿಗಳು ಮುಖ್ಯವಾಗಿವೆ. ಹರಾಜು ನಮಗೆ ಪರಿಚಿತವಾದುದು. ಇನ್ನೊಂದು ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಹುಟ್ಟಿದ ‘ಡ್ರಾಫ್ಟ್’ ಎಂಬ ಸರದಿಯ ಆಯ್ಕೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಉಳಿದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. ಬಲಿಷ್ಠರೇ ಮತ್ತೆಮತ್ತೆ ಬಲಿಷ್ಠರಾಗದಿರಲೆಂಬ ಸದುದ್ದೇಶದಿಂದ 1936ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಎಂಬ ಯುವಕನು ವೃತ್ತಿಪರ ಫುಟ್‌ಬಾಲಿನ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಅರವತ್ತನಾಲ್ಕು ವರ್ಷಗಳ ಅನಂತರ, 2000ದಲ್ಲಿ, 198 ಮಂದಿ ಆಯ್ಕೆಯಾದ ಮೇಲೆ 199ನೆಯವನಾಗಿ ಕರೆಯಲ್ಪಟ್ಟ ಟಾಮ್ ಬ್ರೇಡಿ ಏಳು ಸಲ ಆ ಆಟದ ಪರಮ ಪದವಿಯನ್ನು ಗೆದ್ದನು. ಈ ಎರಡು ಹೆಸರುಗಳು ಆ ದೇಶದಲ್ಲಿ ಗಾದೆಗಳಂತೆ ಬಳಕೆಯಲ್ಲಿವೆ. ಆದರೂ ಪ್ರತಿ ವಸಂತದಲ್ಲಿ ಅಲ್ಲಿಯ ಪಂಡಿತರು, ಯಾರು ಎಷ್ಟನೆಯವರಾಗಿ ಆಯ್ಕೆಯಾಗುವರೆಂಬ ಪಟ್ಟಿಗಳನ್ನು ತಿಂಗಳುಗಟ್ಟಲೆ ಮೊದಲೇ ಪ್ರಕಟಿಸುವುದೂ, ಜನ ಅದನ್ನು ಪಂಚಾಂಗದಂತೆ ಓದುವುದೂ ನಿಂತಿಲ್ಲ.

ನಮ್ಮಲ್ಲಿಯೂ ಡ್ರಾಫ್ಟ್ ನಡೆಯದೆ ಇರಲಿಲ್ಲ. ಇಂಡಿಯನ್ ಸೂಪರ್ ಲೀಗಿನ ಫುಟ್‌ಬಾಲ್ ತಂಡಗಳು 2017ರ ಜುಲೈ 23ರಂದು ಮುಂಬಯಿಯಲ್ಲಿ ಸರದಿಯ ಪ್ರಕಾರ ದೇಶೀಯ ಆಟಗಾರರನ್ನು ಆರಿಸಿಕೊಂಡವು. ಆಗ ಮೊದಲ ಆಯ್ಕೆಯ ಹಕ್ಕು ಹೊಸ ತಂಡವಾದ ಜಮ್‌ಷೆಡ್‌ಪುರದ್ದಾಗಿತ್ತು. ಕನ್ನಡಿಗರ ಮನಸ್ಸಿಗೆ ಇನ್ನೂ ಹತ್ತಿರವಾದುದು 2008ರ ಮಾರ್ಚಿನ ಡ್ರಾಫ್ಟ್. ಐಪಿಎಲ್ ಕ್ರಿಕೆಟಿನ ಮೊದಲ ವರ್ಷ ಹಿರಿಯರನ್ನು ಹರಾಜಿನಲ್ಲಿ ಕೊಂಡ ತಂಡಗಳು ಹತ್ತೊಂಬತ್ತರ ಒಳಗಿನ ಹುಡುಗರನ್ನು ಮಾತ್ರ ಸರದಿಯಂತೆ ಆರಿಸಿಕೊಂಡವು. ಕ್ವಾಲಾಲಂಪುರದಲ್ಲಿ ಕಿರಿಯರ ವಿಶ್ವಕಪ್ಪನ್ನು ಗೆದ್ದು ಆಗತಾನೆ ಮರಳಿದ್ದ ತಂಡದ ನಾಯಕನು ದಿಲ್ಲಿಯ ಹುಡುಗ. ಅವನನ್ನು ತೆಗೆದುಕೊಳ್ಳುವ ಅವಕಾಶ ಬೆಂಗಳೂರಿಗಿಂತ ಮೊದಲೇ ದಿಲ್ಲಿಗೆ ಒದಗಿತ್ತು. ದಿಲ್ಲಿ ತಂಡದವರು ಅವನನ್ನು ಬಿಟ್ಟು ಅದೇ ಊರಿನ ಎಡಗೈ ವೇಗದ ಬೌಲರ್ ಪ್ರದೀಪ್ ಸಾಂಗ್ವಾನನನ್ನು ಆರಿಸಿದರು. ಸೆಹವಾಗ್, ಗಂಭೀರ್, ಧವನರಂಥ ಬ್ಯಾಟ್ಸ್‌ಮನ್ನರು ಮೊದಲೇ ಮನೆಯಲ್ಲಿರುವಾಗ ಇನ್ನೊಬ್ಬ ಬ್ಯಾಟ್ಸ್‌ಮನ್ ಏತಕ್ಕೆ ಎಂಬ ಅವರ ತರ್ಕದಲ್ಲಿ ಲೋಪವಿರಲಿಲ್ಲ. ಬಿಟ್ಟುಹೋದ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಿಗೆ ಬಂದು 2025ರವರೆಗಿನ ಹದಿನೆಂಟು ಋತುಗಳನ್ನೂ ಅದೇ ತಂಡದಲ್ಲಿ ಆಡಿದನು. ತರ್ಕ ಸರಿಯಾಗಿದ್ದೂ ಭವಿಷ್ಯ ತಪ್ಪಾಗಬಹುದೆಂಬ ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಏಕೆಂದರೆ ಪಂಡಿತರ ತಪ್ಪನ್ನು ಕಂಡೊಡನೆ ಅವರನ್ನು ಅಜ್ಞರೆಂದು ಜರೆಯುವುದು, ಅವರ ಮಾತನ್ನು ವೇದವೆಂದು ನಂಬುವಷ್ಟೇ ದೊಡ್ಡ ತಪ್ಪು.

ಆ ಮೊದಲ ವರ್ಷದ ಹೈದರಾಬಾದಿನ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಡೆಕ್ಕನ್ ಚಾರ್ಜರ್ಸ್ ಎಂಬ ನಮ್ಮ ತಂಡದ ಪರವಾಗಿ, ಹೈದರಾಬಾದಿನ ಹೆಮ್ಮೆಯ ಕುಡಿಯಾದ ವಿ. ವಿ. ಎಸ್. ಲಕ್ಷ್ಮಣ್, ಇತರ ಕೆಲವು ನಗರಗಳ ಹಿರಿಯರು ಪಡೆದ ‘ಐಕಾನ್’ ಪದವಿಯನ್ನೂ ಅದರೊಂದಿಗೆ ಬರತಕ್ಕ ಹೆಚ್ಚಿನ ಹಣವನ್ನೂ ತಾವಾಗಿ ಬಿಟ್ಟುಕೊಟ್ಟರು. ಉಳಿದ ಹಣದಿಂದ ತಂಡವು ಒಳ್ಳೆಯ ಆಟಗಾರರನ್ನು ಕೊಳ್ಳಲೆಂಬುದು ಅವರ ಆಶಯ. ಆಂಡ್ರ್ಯೂ ಸೈಮಂಡ್ಸನಿಗೆ 13 ಲಕ್ಷ 50 ಸಾವಿರ ಡಾಲರ್ ತೆತ್ತರು. ಆ ದಿನದ ಹರಾಜಿನಲ್ಲಿ ಅದಕ್ಕಿಂತ ಹೆಚ್ಚಿನ ಬೆಲೆ ಬಂದುದು ಧೋನಿಗೆ ಮಾತ್ರ. ಗಿಲ್‌ಕ್ರಿಸ್ಟ್, ಗಿಬ್ಸ್, ಆಫ್ರಿದಿ ಇವರೆಲ್ಲ ಸೇರಿದ ಆ ಪಟ್ಟಿಯನ್ನು ಓದಿದ ಯಾರಿಗಾದರೂ ಇದು ಗೆಲ್ಲುವ ತಂಡವೆಂದೇ ತೋರಬೇಕಾಗಿತ್ತು, ತೋರಿತು. ಹದಿನಾಲ್ಕು ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಡೆಕ್ಕನ್ ಚಾರ್ಜರ್ಸ್ ಎಂಟನೆಯ, ಎಂದರೆ ಕಟ್ಟಕಡೆಯ, ಸ್ಥಾನಕ್ಕೆ ಇಳಿಯಿತು. ಅದರ ಮೇಲಿನ ಏಳನೆಯ ಸ್ಥಾನ ಬೆಂಗಳೂರಿನದು. ಎಲ್ಲರಿಗಿಂತ ಕಡಿಮೆ ಖರ್ಚು ಮಾಡಿದ ರಾಜಸ್ಥಾನ ಗೆದ್ದಿತು.

ಮರುವರ್ಷ ಲೋಕಸಭಾ ಚುನಾವಣೆಯ ನಿಮಿತ್ತ ಪಂದ್ಯಾವಳಿ ದಕ್ಷಿಣ ಆಫ್ರಿಕಕ್ಕೆ ಹೋಯಿತು. 2009ರ ಮೇ 24ರಂದು ಜೋಹಾನ್ಸ್‌ಬರ್ಗಿನ ಅಂತಿಮ ಪಂದ್ಯದಲ್ಲಿ ಎದುರುಬದುರಾದ ತಂಡಗಳು ಯಾವುವೆಂದರೆ, ಹಿಂದಿನ ವರ್ಷದ ಎಂಟನೆಯದೂ ಏಳನೆಯದೂ. ಬೆಂಗಳೂರಿನ ನಾಯಕ ಅನಿಲ್ ಕುಂಬ್ಳೆ 16 ರನ್ನಿಗೆ ನಾಲ್ಕು ವಿಕೆಟ್ ಕಿತ್ತು ಪಂದ್ಯಪುರುಷರೆನಿಸಿದರೂ, ಆರು ರನ್ನುಗಳಿಂದ ಗೆದ್ದುದು ಗಿಲ್‌ಕ್ರಿಸ್ಟನ ನಾಯಕತ್ವದ ಹೈದರಾಬಾದು. ಕಾಚಿಗುಡದ ನಮ್ಮ ಮನೆಯಂಥ, ಕನ್ನಡವನ್ನಾಡುತ್ತ ಹೈದರಾಬಾದಿನ ನೀರು ಕುಡಿಯುವ ಮನೆಗಳಲ್ಲಿ ಆ ರಾತ್ರಿ ಯಾರ ಪರವಾಗಿ ಕೂಗಬೇಕೆಂಬುದೇ ಒಂದು ಧರ್ಮಸಂಕಟವಾಗಿತ್ತು. ತಂಡದ ಮುಖ್ಯ ಆಟಗಾರರು ಬಹುಮಟ್ಟಿಗೆ ಮೊದಲಿನವರೇ ಆಗಿದ್ದರು. ಹನ್ನೆರಡು ತಿಂಗಳಲ್ಲಿ ಅದೇ ಜನ ಪಾತಾಳದಿಂದ ಶಿಖರಕ್ಕೆ ಬಂದರೆಂದ ಮೇಲೆ, ಹೆಸರುಗಳ ಪಟ್ಟಿಯೊಂದನ್ನೇ ನೋಡಿ ತಂಡದ ಭವಿಷ್ಯವನ್ನು ಹೇಳುವ ವಿದ್ಯೆಗೆ ಎಷ್ಟು ಆಧಾರವಿದೆಯೆಂಬ ಶಂಕೆ ನನ್ನಲ್ಲಿ ಮೊಳೆತುದು ಆಗಲೇ.

ಆ ಶಂಕೆಗೆ ಒಂದು ಕ್ರಮವನ್ನು ಕಲಿಸಿದವರು ನಮ್ಮ ಕಾಕಾ. ಕಲಬುರ್ಗಿಯ ಕಡೆಯಿಂದ ಬಾಲ್ಯದಲ್ಲೇ ಇಲ್ಲಿಗೆ ಬಂದು, ಸುಲ್ತಾನ್ ಬಜಾರಿನ ಬಟ್ಟೆಯಂಗಡಿಯೊಂದರಲ್ಲಿ ನಲವತ್ತು ವರ್ಷ ಲೆಕ್ಕ ಬರೆದು ಮುಪ್ಪಾದ ಅವರಿಗೆ, ಬರೆದಿಡದ ಮಾತು ಕೊಟ್ಟು ಮರೆತ ಸಾಲಕ್ಕೆ ಸಮಾನ. 2021ರ ಫೆಬ್ರವರಿಯಲ್ಲಿ ಚೆನ್ನೈಯ ಹರಾಜನ್ನು ನೋಡುತ್ತ ಕುಳಿತಿದ್ದಾಗ ಅವರು ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಖಾತೆ ಪುಸ್ತಕವೊಂದನ್ನು ನನ್ನ ಮುಂದೆ ಹಾಕಿದರು.

“ತಮ್ಮಾ, ಇವ್ರು ಹೇಳೂದೆಲ್ಲಾ ಬರ್ದಿಡು. ಬರ್ದಿಡಲಿಲ್ಲಂದ್ರ ನಾಳಿ ಎಲ್ಲಾರೂ ‘ನಾ ಮೊದ್ಲ ಹೇಳಿದ್ದೆ’ ಅಂತಾರ.”

“ಬರೀತೀನ್ರಿ ಕಾಕಾ, ಹೆಂಗ ಬರೀಲಿ?”

“ಎಡಕ್ಕ ಹೇಳಿದ್ದು, ಬಲಕ್ಕ ಆದದ್ದು. ಜಮಾ-ಖರ್ಚಿನ್ಹಂಗ.”

ಪುಟದ ನಡುವೆ ಅವರೇ ಅಡ್ಡಪಟ್ಟಿಯಿಟ್ಟು ಗೆರೆ ಎಳೆದುಕೊಟ್ಟರು. ಎಡಗಡೆ ನಾನು ಬರೆದ ಮೊದಲ ಹೆಸರು ನಮ್ಮ ಕರ್ನಾಟಕದ ಕೃಷ್ಣಪ್ಪ ಗೌತಮನದು. 20 ಲಕ್ಷದ ಮೂಲಬೆಲೆಯಿಂದ ಏರಲಾರಂಭಿಸಿದ ಅವನನ್ನು ಕೋಲ್ಕತ್ತವೂ ಹೈದರಾಬಾದೂ ಪಟ್ಟು ಹಿಡಿದು ಎಳೆದಾಡಿ, ಕಡೆಗೆ ನಡುವೆ ಬಂದ ಚೆನ್ನೈ 9 ಕೋಟಿ 25 ಲಕ್ಷಕ್ಕೆ ಕೊಂಡಿತು. ಭಾರತಕ್ಕಾಗಿ ಇನ್ನೂ ಆಡದ ದೇಶೀಯ ಆಟಗಾರನಿಗೆ ಅಲ್ಲಿಯವರೆಗೆ ಅಂಥ ಬೆಲೆ ಬಂದಿರಲಿಲ್ಲ. ಆ ಋತುವಿನಲ್ಲಿ ಚೆನ್ನೈ ಕಪ್ಪನ್ನು ಗೆದ್ದಿತು. ಗೌತಮನು ಒಂದು ಪಂದ್ಯವನ್ನೂ ಆಡಲಿಲ್ಲ. ಮರುವರ್ಷ ಲಕ್ನೋ ಅವನನ್ನು 90 ಲಕ್ಷಕ್ಕೆ ಕೊಂಡಿತು. ಒಂದು ವರ್ಷದಲ್ಲಿ ಆತನ ಬೌಲಿಂಗು ಹತ್ತನೆಯ ಒಂದು ಪಾಲಿಗೆ ಕುಗ್ಗಿತೇ? ಖಂಡಿತ ಇಲ್ಲ. ಹರಾಜಿನ ಬೆಲೆಯಲ್ಲಿ ಆಟಗಾರನ ಯೋಗ್ಯತೆಯೊಂದೇ ಸೇರಿರುವುದಿಲ್ಲ. ಯಾವ ತಂಡದ ಚೀಲದಲ್ಲಿ ಎಷ್ಟು ಹಣ ಉಳಿದಿದೆ, ಅಂಥ ಆಟಗಾರರು ಇನ್ನೆಷ್ಟು ಮಂದಿ ಪಟ್ಟಿಯಲ್ಲಿದ್ದಾರೆ, ಪಕ್ಕದ ಮೇಜಿನವನ ಹಠ ಎಷ್ಟು ಎಂಬುವೆಲ್ಲ ಸೇರಿರುತ್ತವೆ. ಕಾಕಾ ಇದನ್ನು ಒಂದೇ ಮಾತಿನಲ್ಲಿ ಹೇಳಿದರು: “ಲಿಲಾವಿನ್ಯಾಗ ರೇಟ ಏರಸೂದು ಎತ್ತಲ್ಲ ತಮ್ಮಾ, ಎದುರ ನಿಂತ ಗಿರಾಕಿ.”

ಆ ಪುಸ್ತಕದಲ್ಲಿ ನಾನು ಬಹಳ ಸಲ ತೆರೆದು ನೋಡಿರುವ ಪುಟವೆಂದರೆ 2022ರ ಡಿಸೆಂಬರ್ 23ರದು. ಕೊಚ್ಚಿಯ ಆ ಹರಾಜಿನಲ್ಲಿ, ಡೆಕ್ಕನ್ ಚಾರ್ಜರ್ಸಿನ ಜಾಗಕ್ಕೆ ಬಂದ ನಮ್ಮ ಸನ್‌ರೈಸರ್ಸ್ ತಂಡವು ಇಂಗ್ಲೆಂಡಿನ ಹ್ಯಾರಿ ಬ್ರೂಕನಿಗೆ 13 ಕೋಟಿ 25 ಲಕ್ಷ, ಕರ್ನಾಟಕದ ಮಯಂಕ್ ಅಗರವಾಲನಿಗೆ 8 ಕೋಟಿ 25 ಲಕ್ಷ, ದಕ್ಷಿಣ ಆಫ್ರಿಕದ ಹೆನ್ರಿಕ್ ಕ್ಲಾಸೆನನಿಗೆ 5 ಕೋಟಿ 25 ಲಕ್ಷ ಕೊಟ್ಟಿತು. ಎಡಗಡೆಯ ಸಾಲಿನಲ್ಲಿ ಅಂದಿನ ಪ್ರಶಂಸೆಗಳೆಲ್ಲ ಬ್ರೂಕನ ಹೆಸರಿನ ಎದುರಿಗೆ ಇಳಿದುಬಿಟ್ಟಿವೆ. ಕ್ಲಾಸೆನನ ಎದುರು ಒಂದೇ ಒಂದು ಗೀಟು. ಬಲಗಡೆಯ ಸಾಲು ತುಂಬಿದುದು ಮುಂದಿನ ಮೇ ತಿಂಗಳಲ್ಲಿ. ಬ್ರೂಕನು ಹನ್ನೊಂದು ಪಂದ್ಯಗಳಲ್ಲಿ 190 ರನ್ ಗಳಿಸಿದನು. ಅದರಲ್ಲಿ ನೂರು ರನ್ ಕೋಲ್ಕತ್ತದ ಒಂದೇ ಸಂಜೆಯ ಅಜೇಯ ಶತಕ, ಉಳಿದ ಹತ್ತು ಪಂದ್ಯಗಳಿಗೆ ಉಳಿದುದು 90. ಕ್ಲಾಸೆನನ ಗಳಿಕೆ 448; ಹೈದರಾಬಾದಿನಲ್ಲಿ ಬೆಂಗಳೂರಿನ ವಿರುದ್ಧ ಅವನು ಹೊಡೆದ 104ನ್ನು ಕಂಡವರು ಮರೆಯಲಾರರು. ಮಯಂಕನು ಕೊನೆಯ ಪಂದ್ಯದ 83ನ್ನು ಸೇರಿಸಿಕೊಂಡು 270 ಮಾಡಿದನು. ತಂಡವು ಹತ್ತರಲ್ಲಿ ಹತ್ತನೆಯದಾಯಿತು.

ಬ್ರೂಕನನ್ನು ಹೊಗಳಿದವರು ಅವನ ಹಲ್ಲನ್ನು ತಪ್ಪಾಗಿ ನೋಡಿದರೆಂದು ನಾನು ಹೇಳಲಾರೆ. ಅವನು ಆ ಚಳಿಗಾಲದಲ್ಲಿ ಪಾಕಿಸ್ತಾನದ ಟೆಸ್ಟ್ ಪಂದ್ಯಗಳಲ್ಲಿ ಮೂರು ಶತಕಗಳನ್ನು ಹೊಡೆದು ಬಂದವನು. ಅವನ ಕೈಚಳಕದ ಬಗ್ಗೆ ಅವರಾಡಿದುದೆಲ್ಲ ನಿಜ, ಇಂದಿಗೂ ನಿಜ. ತಪ್ಪಿದುದು ಎಲ್ಲಿಯೆಂದರೆ, ಆ ವಿದ್ಯೆಯು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಪರಿಚಯವಿಲ್ಲದ ಅಂಗಳಗಳಲ್ಲಿ, ದಿನಕ್ಕೊಂದು ಕ್ರಮಾಂಕದಲ್ಲಿ, ಏಳು ವಾರದ ಅವಧಿಯೊಳಗೆ ಹೇಗೆ ಫಲಿಸುವುದೆಂಬುದನ್ನೂ ಅಷ್ಟೇ ನಿಶ್ಚಯದಿಂದ ನುಡಿದಲ್ಲಿ. ಹನ್ನೊಂದು ಪಂದ್ಯಗಳೆಂದರೆ ಬಹು ಸ್ವಲ್ಪ. ಒಂದು ಕ್ಯಾಚು ಬಿದ್ದುದು, ಒಂದು ಚೆಂಡು ಬ್ಯಾಟಿನ ಅಂಚನ್ನು ಸವರದೆ ಹೋದುದು, ಇಷ್ಟರಿಂದಲೇ ಲೆಕ್ಕ ತಲೆಕೆಳಗಾಗುವಷ್ಟು ಸ್ವಲ್ಪ. ಅಲ್ಪಾವಧಿಯ ಆಟದಲ್ಲಿ ಅದೃಷ್ಟಕ್ಕಿರುವ ಪಾಲನ್ನು ಯಾವ ಪಂಡಿತನೂ ತನ್ನ ಲೆಕ್ಕದಲ್ಲಿ ಹಿಡಿಯುವುದಿಲ್ಲ; ಹಿಡಿದರೆ ಅವನ ಮಾತಿಗೆ ಗಿರಾಕಿಗಳು ಇರುವುದಿಲ್ಲವೆಂಬುದನ್ನೂ ನಾವು ಒಪ್ಪಬೇಕು.

ಮರುವರ್ಷದ ಪುಟ ಇದಕ್ಕೆ ವಿಪರೀತ. 2023ರ ಡಿಸೆಂಬರಿನಲ್ಲಿ ದುಬೈಯಲ್ಲಿ ಸನ್‌ರೈಸರ್ಸ್ ಪ್ಯಾಟ್ ಕಮಿನ್ಸನಿಗೆ 20 ಕೋಟಿ 50 ಲಕ್ಷ ಕೊಟ್ಟಾಗ, ಆತ ಉತ್ತಮ ಬೌಲರನಾದರೂ ಇಪ್ಪತ್ತು ಓವರಿನ ಆಟ ಅವನ ಶ್ರೇಷ್ಠ ಕ್ಷೇತ್ರವಲ್ಲವೆಂದು ತಜ್ಞರು ನುಡಿದರು. ಆ ನುಡಿ ಸುಳ್ಳಾಗಲಿಲ್ಲ: ಆತ ತೆಗೆದುದು 18 ವಿಕೆಟ್, ಒಳ್ಳೆಯದೇ, ಬೆರಗುಗೊಳಿಸತಕ್ಕುದಲ್ಲ. ಆದರೆ ತಂಡವು ಹಿಂದಿನ ವರ್ಷದ ಹತ್ತನೆಯ ಸ್ಥಾನದಿಂದ ಅಂತಿಮ ಪಂದ್ಯದವರೆಗೆ ಏರಿತು. ಮುಂಬಯಿಯ ವಿರುದ್ಧ 277, ಬೆಂಗಳೂರಿನಲ್ಲಿ ಬೆಂಗಳೂರಿನ ವಿರುದ್ಧವೇ 287 ರನ್ ಹೊಡೆಯಿತು. ಹೊಡೆದವರು ಹೆಡ್, ಅಭಿಷೇಕ್, ಕ್ಲಾಸೆನರು. ಹೊಡೆಯಿರೆಂದು ಅಭಯ ಕೊಟ್ಟ ನಾಯಕನು ಕಮಿನ್ಸ್. ಅವನ ಬೌಲಿಂಗನ್ನು ತೂಗಿದ ತಕ್ಕಡಿಯಲ್ಲಿ ನಾಯಕತ್ವವನ್ನು ಇಡಲು ತಟ್ಟೆಯೇ ಇರಲಿಲ್ಲ. ಅದೇ ಹರಾಜಿನಲ್ಲಿ ಕೋಲ್ಕತ್ತ 24 ಕೋಟಿ 75 ಲಕ್ಷಕ್ಕೆ ಕೊಂಡ ಮಿಚೆಲ್ ಸ್ಟಾರ್ಕನು ಮೊದಲೆರಡು ಪಂದ್ಯಗಳಲ್ಲಿ ವಿಕೆಟ್ಟಿಲ್ಲದೆ ನೂರು ರನ್ ಕೊಟ್ಟಾಗ ಪಂಡಿತರು ಅವನ ಕಥೆಯನ್ನು ಮುಗಿಸಿಬಿಟ್ಟಿದ್ದರು. ಮೇ 26ರಂದು ಚೆನ್ನೈಯ ಅಂತಿಮ ಪಂದ್ಯದಲ್ಲಿ ಕೋಲ್ಕತ್ತ ನಮ್ಮ ತಂಡವನ್ನು 113ಕ್ಕೆ ಕೆಡವಿದ ದಿನ ಪಂದ್ಯಪುರುಷನೆನಿಸಿದವನು ಅವನೇ. ಕಾಕಾ ಆ ಪುಟದಲ್ಲಿ ಮಾರ್ಚಿನ ತೀರ್ಪನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಮೇ ತಿಂಗಳ ತಾರೀಖು ಹಾಕಿ ಇನ್ನೊಂದು ಸಾಲು ಬರೆದರು.

ಕೆಲವು ಸಂಗತಿಗಳಂತೂ ಯಾರ ಲೆಕ್ಕಕ್ಕೂ ಸಿಗತಕ್ಕವಲ್ಲ. ಬೆಂಗಳೂರು ಬುಲ್ಸ್ ತಂಡದಲ್ಲಿ ಹೆಸರು ಮಾಡಿದ ಕಬಡ್ಡಿಯ ಪವನ್ ಸೆಹ್ರಾವತನನ್ನು 2022ರಲ್ಲಿ ತಮಿಳು ತಲೈವಾಸ್ 2 ಕೋಟಿ 26 ಲಕ್ಷಕ್ಕೆ ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಆ ಋತುವೆಲ್ಲ ಅವನು ಹೊರಗೆ ಕುಳಿತನು. ಮುಂದಿನ ಸಲ ಇನ್ನೂ ಹೆಚ್ಚಿನ ಬೆಲೆಗೆ ನಮ್ಮ ತೆಲುಗು ಟೈಟನ್ಸ್ ಅವನನ್ನು ತಂದುಕೊಂಡು, ಅವನು ಎದೆಗುಂದದೆ ಆಡಿದರೂ, ಕಟ್ಟಕಡೆಗೆ ನಿಂತಿತು. ಏಳು ಜನರ ಆಟದಲ್ಲಿ ಒಬ್ಬನ ಬೆಲೆ ಉಳಿದ ಆರು ಜನರಿಗೆ ಅಂಟುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ಪಂಡಿತರು ಮಾಡುವ ಭವಿಷ್ಯವಾಣಿಯಲ್ಲಿ ಎರಡು ಬಗೆ. ಯಾವ ತಂಡ ಯಾರನ್ನು ಆರಿಸುವುದೆಂದು ಹೇಳುವುದು ಒಂದು. ಆರಿಸಲ್ಪಟ್ಟವನು ಹೇಗೆ ಆಡುವನೆಂದು ಹೇಳುವುದು ಇನ್ನೊಂದು. ಮೊದಲನೆಯದು ಮನುಷ್ಯರ ಅಭಿಪ್ರಾಯವನ್ನು ಊಹಿಸುವ ಕೆಲಸ. ತಂಡದ ಆಯ್ಕೆಗಾರರೂ ದೂರದರ್ಶನದ ಪಂಡಿತರೂ ಒಂದೇ ಪಂದ್ಯಗಳನ್ನು ನೋಡುತ್ತಾರೆ, ಒಂದೇ ಅಂಕಿಗಳನ್ನು ಓದುತ್ತಾರೆ, ಪರಸ್ಪರ ಮಾತಾಡಿಕೊಳ್ಳುತ್ತಾರೆ. ಆದಕಾರಣ ಮೊದಲ ಹತ್ತು ಹೆಸರುಗಳಲ್ಲಿ ಅವರ ಊಹೆ ಸಾಕಷ್ಟು ಸರಿಹೋಗುವುದೂ, ಪಟ್ಟಿಯ ಕೆಳಕ್ಕೆ ಇಳಿದಂತೆ ಚೆದರುವುದೂ ಸಹಜ. ಎರಡನೆಯದು ಕಾಲವನ್ನು ಊಹಿಸುವ ಕೆಲಸ. ಮೊದಲನೆಯದರಲ್ಲಿ ಸಂಪಾದಿಸಿದ ಕೀರ್ತಿಯನ್ನು ಎರಡನೆಯದಕ್ಕೆ ಒತ್ತೆಯಿಡುವುದೇ ಈ ವ್ಯವಹಾರದಲ್ಲಿ ನಡೆಯುವ ದೊಡ್ಡ ಗೊಂದಲ. ಇಂಥವನು ಇಂಥ ತಂಡಕ್ಕೆ ಹೋಗುವನೆಂದು ಸರಿಯಾಗಿ ಹೇಳಿದವನು, ಆ ಇಂಥವನು ಗೆಲ್ಲಿಸುವನೆಂದಾಗಲೂ ಸರಿಯಾಗಿಯೇ ಹೇಳಿರಬೇಕೆಂದು ನಾವು ನಂಬುತ್ತೇವೆ.

ಈ ಎರಡನೆಯ ವಿದ್ಯೆಯ ಬಲವನ್ನು ಅಳೆದು ನೋಡಿದವರಿದ್ದಾರೆ. ಕೇಡ್ ಮ್ಯಾಸಿ ಹಾಗೂ ಮುಂದೆ 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಎಂಬ ವಿದ್ವಾಂಸರು ಅಮೆರಿಕದ ಫುಟ್‌ಬಾಲ್ ಡ್ರಾಫ್ಟಿನ ಅನೇಕ ವರ್ಷಗಳ ಲೆಕ್ಕವನ್ನು ಕೆದಕಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಒಬ್ಬನ ಬೆನ್ನಿಗೆ ಇನ್ನೊಬ್ಬನು ಆಯ್ಕೆಯಾಗಿದ್ದರೆ, ಮೊದಲು ಆಯ್ಕೆಯಾದವನೇ ಮೇಲಾಗಿ ಹೊರಟ ಪ್ರಸಂಗಗಳು ನೂರಕ್ಕೆ 52ರಷ್ಟು. ನಾಣ್ಯವನ್ನು ಚಿಮ್ಮಿ ಆರಿಸಿದ್ದರೆ ಐವತ್ತು ಬರುತ್ತಿತ್ತು. ಇದರಿಂದ ಪಂಡಿತರಿಗೆ ಏನೂ ತಿಳಿಯದೆಂದು ಅರ್ಥಮಾಡಬಾರದು. ಮೊದಲ ಹತ್ತರಲ್ಲಿ ಬಂದವರು ಇನ್ನೂರರಾಚೆ ಬಂದವರಿಗಿಂತ ಒಟ್ಟಿನಲ್ಲಿ ಮೇಲೆಂಬುದೂ ಅಷ್ಟೇ ದಿಟ. ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸಲು ಅವರ ಮೊರ ಸಾಕು. ಕಾಳುಕಾಳಿಗೂ ಕ್ರಮಸಂಖ್ಯೆ ಕೊಡುವುದಕ್ಕೆ ಸಾಲದು. ಫಿಲಿಪ್ ಟೆಟ್ಲಾಕ್ ಎಂಬ ಇನ್ನೊಬ್ಬ ವಿದ್ವಾಂಸರು ರಾಜಕೀಯ ಹಾಗೂ ಅರ್ಥವ್ಯವಹಾರಗಳ 284 ತಜ್ಞರ ಭವಿಷ್ಯಗಳನ್ನು ಇಪ್ಪತ್ತು ವರ್ಷ ಬರೆದಿಟ್ಟುಕೊಂಡು, 2005ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೆಚ್ಚು ಪ್ರಸಿದ್ಧನಾದ ತಜ್ಞನ ಮಾತು ಹೆಚ್ಚು ತಪ್ಪುವ ಪ್ರವೃತ್ತಿಯಿದೆಯೆಂದು ತೋರಿಸಿದರು. ಅವರು ಮಾಡಿದುದೂ ಕಾಕಾನ ಕೆಲಸವೇ: ಎಡಕ್ಕೆ ಹೇಳಿದ್ದು, ಬಲಕ್ಕೆ ಆದದ್ದು.

ನಂಬಿಕೆಗೆ ಪಾತ್ರನಾದ ತಜ್ಞನ ಲಕ್ಷಣವೇನೆಂದು ಕೇಳಿದರೆ, ತನ್ನ ಮಾತನ್ನು ಹೀಗೆ ತೂಗಿ ನೋಡುವುದಕ್ಕೆ ಎಡೆಗೊಡುವಂತೆ ನುಡಿಯುವವನು ಎನ್ನುತ್ತೇನೆ. “ಇವನು ಅಪಾಯಕಾರಿಯಾಗಬಲ್ಲ”, “ಈ ತಂಡವನ್ನು ಕಡೆಗಣಿಸುವಂತಿಲ್ಲ” ಎಂಬಂಥ ಮಾತುಗಳನ್ನು ಕಾಕಾ ಪುಸ್ತಕಕ್ಕೆ ಸೇರಿಸಗೊಡುತ್ತಿರಲಿಲ್ಲ. ಏನೇ ಆದರೂ ನಿಜವಾಗಿಯೇ ಉಳಿಯುವ ಮಾತಿಗೆ ಬಲಗಡೆಯ ಸಾಲಿನಲ್ಲಿ ಬರೆಯುವುದೇನು? ಇದಕ್ಕೆ ಪ್ರತಿಯಾಗಿ, ಹಿಂದೆ ಡೆಕ್ಕನ್ ಚಾರ್ಜರ್ಸಿಗೂ ಸನ್‌ರೈಸರ್ಸಿಗೂ ಆಡಿ ಈ ತಂಡದ ಬೌಲರುಗಳನ್ನು ತರಬೇತುಗೊಳಿಸಿಯೂ ಇದ್ದ ಡೇಲ್ ಸ್ಟೇಯ್ನ್, 2025ರ ಮಾರ್ಚಿನಲ್ಲಿ ನಮ್ಮವರು ರಾಜಸ್ಥಾನದ ವಿರುದ್ಧ 286 ಹೊಡೆದುದನ್ನು ಕಂಡು, ಏಪ್ರಿಲ್ 17ರಂದು ಐಪಿಎಲ್ಲಿನ ಮೊದಲ ಮುನ್ನೂರು ಕಾಣಬಹುದೆಂದರು. ಅಂದು ಮುಂಬಯಿಯಲ್ಲಿ ಸನ್‌ರೈಸರ್ಸ್ ಮಾಡಿದುದು ಐದು ವಿಕೆಟ್ಟಿಗೆ 162, ಸೋತಿತು ಕೂಡ. ಊರೆಲ್ಲ ನಕ್ಕಿತು. ಕಾಕಾ ನಗಲಿಲ್ಲ. ತಾರೀಖು ಹೇಳಿ, ಅಂಕಿ ಹೇಳಿ, ಎಲ್ಲರ ಕಣ್ಣೆದುರಿಗೆ ತಪ್ಪಿದವನು ಪ್ರಾಮಾಣಿಕನೆಂದೂ, ಅಂಥವನ ಮುಂದಿನ ಮಾತನ್ನು ಕೇಳಬಹುದೆಂದೂ ಅವರ ಅಭಿಪ್ರಾಯ. ನನಗೂ ಅದು ಸರಿಯೆಂದೇ ತೋರುತ್ತದೆ.

ಹಾಗಾದರೆ ಮನುಷ್ಯನ ಒಳಗಿನ ಆಟವನ್ನು ಮುಂಚಿತವಾಗಿ ಕಾಣಬಲ್ಲ ಕಣ್ಣು ಇಲ್ಲವೇ ಇಲ್ಲವೇ? ಇದೆ, ಈ ಊರಿನಲ್ಲಿಯೇ ಇತ್ತು. ಕಾಚಿಗುಡದ ಮಾಧ್ಯಮಿಕ ಶಾಲೆಯಲ್ಲೂ ಚಾದರಘಾಟಿನ ಪ್ರೌಢಶಾಲೆಯಲ್ಲೂ ಉಪಾಧ್ಯಾಯರಾಗಿದ್ದ ಸೈಯದ್ ಅಬ್ದುಲ್ ರಹೀಮರು ಹೈದರಾಬಾದ್ ಸಿಟಿ ಪೊಲೀಸ್ ಫುಟ್‌ಬಾಲ್ ತಂಡವನ್ನು ಕೈಗೆ ತೆಗೆದುಕೊಂಡರು. ಆ ತಂಡ 1950ರಿಂದ 1954ರವರೆಗೆ ಐದು ವರ್ಷ ಬಿಡದೆ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅವರ ತರಬೇತಿಯಲ್ಲಿ ಭಾರತ 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದಿತು. ಸಿಕಂದರಾಬಾದಿನ ಅಂಚಿನ ಅಮ್ಮುಗುಡದಲ್ಲಿ ಹುಟ್ಟಿದ ತುಲಸೀದಾಸ ಬಾಲರಾಮ್ ಮೊದಲಾದ ಈ ಊರಿನ ಹುಡುಗರು ಆ ತಂಡದ ಬೆನ್ನೆಲುಬಾಗಿದ್ದರು. ಬಾಲಕರಾಗಿದ್ದ ಕಾಕಾ ಫತೇ ಮೈದಾನದ ಬೇಲಿಯಾಚೆ ನಿಂತು ಕಂಡ ಆಟಗಾರರು ಇವರು.

1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಭಾರತವು ಮೊದಲ ಪಂದ್ಯವನ್ನು ದಕ್ಷಿಣ ಕೊರಿಯಕ್ಕೆ ಎರಡು ಗೋಲುಗಳಿಂದ ಸೋತಿತು. ಮುಂದಿನ ಪಂದ್ಯದಲ್ಲಿ ರಕ್ಷಣೆಯ ಗೋಡೆಯಂತಿದ್ದ ಜರ್ನೈಲ್ ಸಿಂಗನ ತಲೆಯೊಡೆದು ಹೊಲಿಗೆ ಬಿದ್ದವು. ಅಂಥ ಗಾಯಾಳುವನ್ನು ಕೂರಿಸಬೇಕಾದಲ್ಲಿ ರಹೀಮರು, ನಿರ್ಣಾಯಕ ಹಂತದಲ್ಲಿ, ಮುನ್ನಡೆಯ ಮಧ್ಯಭಾಗಕ್ಕೆ, ಗೋಲು ಹೊಡೆಯುವವನ ಸ್ಥಾನಕ್ಕೆ, ಕಳಿಸಿದರು. ದಕ್ಷಿಣ ವಿಯಟ್ನಾಮಿನ ವಿರುದ್ಧ ಉಪಾಂತ್ಯದಲ್ಲಿ ಅವನು ಗೋಲು ಹೊಡೆದನು. ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಅದೇ ಕೊರಿಯದ ವಿರುದ್ಧ ಮತ್ತೊಂದನ್ನು ಹೊಡೆದನು. ಭಾರತ 2–1ರಿಂದ ಗೆದ್ದು ಚಿನ್ನ ತಂದಿತು. ಕ್ಯಾನ್ಸರಿನಿಂದ ಜರ್ಜರಿತರಾಗಿದ್ದ ರಹೀಮರು ಮರುವರ್ಷದ ಜೂನಿನಲ್ಲಿ ತೀರಿಕೊಂಡರು.

ಇದನ್ನು ದಿವ್ಯದೃಷ್ಟಿಯೆಂದು ಕರೆಯುವುದು ಸುಲಭ. ಹಾಗೆ ಕರೆದರೆ ಅವರ ಶ್ರಮವನ್ನು ಮರೆತಂತಾಗುತ್ತದೆ. ರಹೀಮರು ಜರ್ನೈಲನನ್ನು ದಿನವೂ ಬೆಳಗ್ಗೆ ಕಾಣುತ್ತಿದ್ದವರು. ತಾವು ಇಂದು ಊಹಿಸಿದುದು ಸರಿಯೋ ತಪ್ಪೋ ಎಂಬುದನ್ನು ನಾಳೆಯ ಅಭ್ಯಾಸದಲ್ಲಿ ತಿದ್ದಿಕೊಳ್ಳಬಲ್ಲವರು. ತಪ್ಪಿದರೆ ಅದರ ಫಲವನ್ನು ತಾವೇ ಉಣಬೇಕಾದವರು. 2024ರ ನವೆಂಬರಿನಲ್ಲಿ ಜೆದ್ದಾದಲ್ಲಿ ಎರಡು ದಿನ ನಡೆದ ಹರಾಜಿನ ಪಟ್ಟಿಯಲ್ಲಿ 577 ಹೆಸರುಗಳಿದ್ದುವು, 182 ಮಂದಿ ಮಾರಾಟವಾದರು, ಕೈಬದಲಾದ ಹಣ 639 ಕೋಟಿಗೂ ಮೇಲೆ. ಅಷ್ಟೊಂದು ಮಂದಿಯಲ್ಲಿ ಒಬ್ಬೊಬ್ಬನ ಮೇಲೂ ಅರ್ಧ ನಿಮಿಷದಲ್ಲಿ ತೀರ್ಪು ಕೊಡಬೇಕಾದ ಪಂಡಿತನಿಗೆ ರಹೀಮರ ಕಣ್ಣಿದ್ದರೂ ರಹೀಮರ ಬೆಳಗುಗಳಿಲ್ಲ.

ರಹೀಮರ ಊರಿಗೆ ಇಂಡಿಯನ್ ಸೂಪರ್ ಲೀಗಿನ ಫುಟ್‌ಬಾಲ್ ತಂಡ ಬಂದುದು 2019ರಲ್ಲಿ. ಹೈದರಾಬಾದ್ ಎಫ್‌ಸಿ ತನ್ನ ಮೊದಲ ಋತುವಿನಲ್ಲಿ ಎರಡೇ ಪಂದ್ಯ ಗೆದ್ದು ಹತ್ತನೆಯ ಕೊನೆಯ ಸ್ಥಾನದಲ್ಲಿ ನಿಂತಿತು. ಮರುವರ್ಷ ಬಂದ ಸ್ಪೇನಿನ ತರಬೇತುದಾರ ಮನೋಲೊ ಮಾರ್ಕೆಸ್ ಹೆಸರಿಲ್ಲದ ಭಾರತೀಯ ಹುಡುಗರನ್ನು ಕಟ್ಟಿಕೊಂಡು ದಿನದಿನವೂ ತಿದ್ದಿದರು. 2022ರ ಮಾರ್ಚ್ 20ರಂದು ಗೋವೆಯ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸಿನ ಎದುರು ಅಂತಿಮ ಪಂದ್ಯ. ಮೊದಲ ಗೋಲು ಕೇರಳದ್ದು. 88ನೆಯ ನಿಮಿಷದಲ್ಲಿ ಸಾಹಿಲ್ ತವೋರ ಸಮ ಮಾಡಿದನು. ಹೆಚ್ಚಿನ ಅವಧಿಯಲ್ಲೂ ಬಗೆಹರಿಯದೆ ಪೆನಾಲ್ಟಿಗೆ ಬಂದಿತು. ನಮ್ಮ ಗೋಲ್‌ಕೀಪರನ ಹೆಸರು ಕೇಳಿ ಕಾಕಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

“ಕಟ್ಟೀಮನಿ ಅಂತಾನಲ್ಲೋ ತಮ್ಮಾ, ಇದು ನಮ್ಮ ಕಡೀ ಹೆಸರು!”

ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಅಡ್ಡಹೆಸರದು. ಲಕ್ಷ್ಮೀಕಾಂತ ಕಟ್ಟೀಮನಿ ಗೋವೆಯ ಹುಡುಗ. ಪೆನಾಲ್ಟಿಯ ಮುಂದೆ ನಿಂತ ಗೋಲ್‌ಕೀಪರನಿಗಿಂತ ಕಠಿಣವಾದ ಭವಿಷ್ಯ ಹೇಳಬೇಕಾದವನು ಮೈದಾನದಲ್ಲಿ ಇನ್ನೊಬ್ಬನಿಲ್ಲ: ಹನ್ನೆರಡು ಗಜದಿಂದ ಒದ್ದ ಚೆಂಡನ್ನು ನೋಡಿ ಹಾರುವಷ್ಟು ಹೊತ್ತಿರುವುದಿಲ್ಲ, ಒದೆಯುವವನ ಹೆಜ್ಜೆಯನ್ನೂ ಸೊಂಟವನ್ನೂ ಕಂಡು ಎಡಕ್ಕೋ ಬಲಕ್ಕೋ ನಿಶ್ಚಯಿಸಬೇಕು, ನಿಶ್ಚಯ ತಪ್ಪಿತೆಂದರೆ ಅರೆಕ್ಷಣದಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ. ಅವನು ಮೂರು ಹೊಡೆತಗಳನ್ನು ತಡೆದನು. ಹಾಲಿಚರಣ್ ನಾರ್ಜರಿಯ ಕೊನೆಯ ಹೊಡೆತ ಬಲೆಗೆ ಬಿದ್ದು, ಹೈದರಾಬಾದು ಮೂರಕ್ಕೆ ಒಂದರಿಂದ ಕಪ್ಪನ್ನು ಗೆದ್ದಿತು.

ಆ ರಾತ್ರಿ ಕಾಕಾ ಖಾತೆ ಪುಸ್ತಕವನ್ನು ತಾವೇ ತೆಗೆದರು. ಎಡಗಡೆಯ ಸಾಲಿನಲ್ಲಿ ಬರೆಯುವಂಥದು ಏನೂ ಇರಲಿಲ್ಲ. ಬಲಗಡೆ “ಕಟ್ಟೀಮನಿ – 3” ಎಂದು ಬರೆದು, ವರ್ಷಾಂತ್ಯದ ಲೆಕ್ಕ ಕೂಡಿದಾಗ ಎಳೆಯುವಂತೆ, ಕೆಳಗೆ ಎರಡು ಗೆರೆ ಎಳೆದರು.